ಪದವಿ ವಿಷಯದ ಆಯ್ಕೆ: ಹೆಣ್ಣು–ಗಂಡಿನ ದಾರಿ ಕವಲೊಡೆಯುವುದೆಲ್ಲಿ?

ಹೆಣ್ಣುಮಕ್ಕಳು ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತುವುದೇ ದೊಡ್ಡ ಸಂಗತಿಯಾಗಿದ್ದ ಕಾಲ ಹೆಚ್ಚಿನ ದೇಶಗಳಲ್ಲಿ ಮುಗಿದಿದೆ. ಉನ್ನತ ಶಿಕ್ಷಣಕ್ಕೆ ಸೇರುವವರ ಪ್ರಮಾಣವನ್ನು ನೋಡಿದರೆ ಇಂದು ಜಾಗತಿಕ ಮಟ್ಟದಲ್ಲಿ ಅವರು ಗಂಡುಮಕ್ಕಳಿಗಿಂತ ಮುಂದೆಯೇ ಇದ್ದಾರೆ. ಅಂತರ ಉಳಿದುಕೊಂಡಿರುವುದು ಒಳಗಡೆ, ಯಾರು ಯಾವ ತರಗತಿಯಲ್ಲಿ ಕೂರುತ್ತಾರೆ ಎಂಬಲ್ಲಿ. ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್ ಮತ್ತು ಗಣಿತವನ್ನು ಒಟ್ಟಾಗಿ ಸೂಚಿಸುವ ‘ಸ್ಟೆಮ್’ ವಿಷಯಗಳಲ್ಲಿ ಪದವಿ ಪಡೆಯುವವರಲ್ಲಿ ಮಹಿಳೆಯರ ಪಾಲು ಶೇ. 35ರ ಆಸುಪಾಸಿನಲ್ಲಿದ್ದು, ಹತ್ತು ವರ್ಷಗಳಲ್ಲಿ ಅದು ಹೆಚ್ಚುಕಡಿಮೆ ಕದಲಿಲ್ಲ ಎಂದು ಯುನೆಸ್ಕೊ ಹೇಳುತ್ತದೆ. ಅಮೆರಿಕದಲ್ಲಿ ಮನಃಶಾಸ್ತ್ರದ ಪದವಿ ಪಡೆಯುವ ಐವರಲ್ಲಿ ನಾಲ್ವರು ಮಹಿಳೆಯರು. ಎಂಜಿನಿಯರಿಂಗ್‌ನಲ್ಲಿ ಅವರು ನಾಲ್ವರಲ್ಲಿ ಒಬ್ಬರಿಗಿಂತಲೂ ಕಡಿಮೆ. ಮುಂದೆ ಸಿಗುವ ಸಂಬಳ, ಉದ್ಯೋಗದ ಭದ್ರತೆ, ಯಾರ ಕೈಯಲ್ಲಿ ಯಾವ ತಂತ್ರಜ್ಞಾನ ರೂಪುಗೊಳ್ಳುತ್ತದೆ ಎಂಬುದೆಲ್ಲ ಈ ಆಯ್ಕೆಯನ್ನು ಅವಲಂಬಿಸಿರುವುದರಿಂದ, ಇದನ್ನು ಅವರವರ ಇಷ್ಟ ಎಂದು ಹೇಳಿ ಕೈತೊಳೆದುಕೊಳ್ಳಲು ಆಗುವುದಿಲ್ಲ.

ಈ ಚರ್ಚೆ ಸಾಮಾನ್ಯವಾಗಿ ‘ಹುಡುಗಿಯರು ವಿಜ್ಞಾನದಿಂದ ಏಕೆ ದೂರ ಉಳಿಯುತ್ತಾರೆ’ ಎಂಬ ಪ್ರಶ್ನೆಯಿಂದ ಆರಂಭವಾಗುತ್ತದೆ. ನನ್ನ ಮಟ್ಟಿಗೆ ತೊಡಕು ಇರುವುದು ಆ ಪ್ರಶ್ನೆಯಲ್ಲೇ, ಏಕೆಂದರೆ ಅವರು ದೂರ ಉಳಿದಿಲ್ಲ. ಅಮೆರಿಕದಲ್ಲಿ ಜೀವವಿಜ್ಞಾನದ ಪದವೀಧರರಲ್ಲಿ ಶೇ. 60ಕ್ಕೂ ಹೆಚ್ಚು ಮಂದಿ ಮಹಿಳೆಯರು. ಅಲ್ಲಿನ ವೈದ್ಯಕೀಯ ಕಾಲೇಜುಗಳಿಗೆ ಹೊಸದಾಗಿ ಸೇರುವವರಲ್ಲಿ 2017ರಲ್ಲೇ ಅವರು ಅರ್ಧವನ್ನು ದಾಟಿದರು. ಭಾರತದ 2021–22ರ ಉನ್ನತ ಶಿಕ್ಷಣ ಸಮೀಕ್ಷೆಯ ಪ್ರಕಾರ ವಿಜ್ಞಾನ ವಿಭಾಗಗಳಲ್ಲಿದ್ದ 57.2 ಲಕ್ಷ ವಿದ್ಯಾರ್ಥಿಗಳ ಪೈಕಿ 29.8 ಲಕ್ಷ ಮಂದಿ ವಿದ್ಯಾರ್ಥಿನಿಯರು. ಅದೇ ದೇಶದ ಎಂಜಿನಿಯರಿಂಗ್ ತರಗತಿಗಳಲ್ಲಿ ಅವರು ಮೂರನೇ ಒಂದಕ್ಕಿಂತ ಕಡಿಮೆ. ಹಾಗಾಗಿ ಗೆರೆ ಬಿದ್ದಿರುವುದು ವಿಜ್ಞಾನಕ್ಕೂ ಕಲೆಗೂ ನಡುವೆ ಅಲ್ಲ. ಸಂಶೋಧಕರಾದ ಸಾರಾ–ಜೇನ್ ಲೆಸ್ಲಿ, ಆಂಡ್ರೇ ಸಿಂಪಿಯನ್ ಮತ್ತು ಸಂಗಡಿಗರು 2015ರಲ್ಲಿ ಅಮೆರಿಕದ ಪಿಎಚ್‌.ಡಿ. ಅಂಕಿಅಂಶಗಳನ್ನು ಮುಂದಿಟ್ಟು ಇದನ್ನು ಚೆನ್ನಾಗಿ ತೋರಿಸಿದರು: ಆಣ್ವಿಕ ಜೀವವಿಜ್ಞಾನದಲ್ಲಿ ಪಿಎಚ್‌.ಡಿ. ಪಡೆದವರಲ್ಲಿ ಸುಮಾರು ಅರ್ಧದಷ್ಟು ಮಹಿಳೆಯರಿದ್ದರೆ ಭೌತಶಾಸ್ತ್ರ ಮತ್ತು ಕಂಪ್ಯೂಟರ್ ವಿಜ್ಞಾನದಲ್ಲಿ ಶೇ. 20ಕ್ಕಿಂತ ಕಡಿಮೆ, ಕಲಾ ಇತಿಹಾಸದಲ್ಲಿ ಶೇ. 70ಕ್ಕೂ ಹೆಚ್ಚಿದ್ದರೆ ತತ್ವಶಾಸ್ತ್ರದಲ್ಲಿ ಶೇ. 35ಕ್ಕಿಂತ ಕಡಿಮೆ. ತತ್ವಶಾಸ್ತ್ರದಲ್ಲಿ ಪ್ರಯೋಗಾಲಯವೂ ಇಲ್ಲ, ಕಲನಶಾಸ್ತ್ರವೂ ಇಲ್ಲ. ಗಣಿತದ ಭಯವೊಂದರಿಂದಲೇ ಎಲ್ಲವನ್ನೂ ವಿವರಿಸಲು ಹೊರಡುವವರು ಈ ಒಂದು ಅಂಕಿಯ ಮುಂದೆ ನಿಲ್ಲಬೇಕಾಗುತ್ತದೆ.

ಸಾಮರ್ಥ್ಯದ ಪ್ರಶ್ನೆಯನ್ನು ಮೊದಲು ಎತ್ತಿಕೊಳ್ಳೋಣ. ಹದಿನೈದು ವರ್ಷದ ಮಕ್ಕಳನ್ನು ಪರೀಕ್ಷಿಸುವ ಪೀಸಾ ಸಮೀಕ್ಷೆಯಲ್ಲಿ, ಬಹುತೇಕ ಶ್ರೀಮಂತ ರಾಷ್ಟ್ರಗಳ ಕೂಟವಾದ ಒಇಸಿಡಿಯ ದೇಶಗಳ ಸರಾಸರಿ ತೆಗೆದರೆ ಗಣಿತದಲ್ಲಿ ಹುಡುಗರು 2018ರಲ್ಲಿ 5 ಅಂಕ, 2022ರಲ್ಲಿ 9 ಅಂಕ ಮುಂದಿದ್ದರು. ಸುಮಾರು ಐನೂರರ ಸರಾಸರಿಯ ಸುತ್ತ ಹರಡಿಕೊಂಡಿರುವ ಅಂಕಪಟ್ಟಿಯಲ್ಲಿ ಇದು ಸಣ್ಣ ಅಂತರ. ಹುಡುಗರ ನಡುವೆಯೇ, ಹುಡುಗಿಯರ ನಡುವೆಯೇ ಇರುವ ವ್ಯತ್ಯಾಸ ಇದಕ್ಕಿಂತ ಎಷ್ಟೋ ಪಾಲು ದೊಡ್ಡದು. ಎಂಜಿನಿಯರಿಂಗ್ ತರಗತಿಯ ಮುಕ್ಕಾಲು ಭಾಗ ಹುಡುಗರೇ ಇರುವುದನ್ನು ಇದು ವಿವರಿಸಲಾರದು. ಓದುವ ಸಾಮರ್ಥ್ಯದಲ್ಲಿ ಮಾತ್ರ ಚಿತ್ರ ಬೇರೆ: ಅಲ್ಲಿ ಹುಡುಗಿಯರು 2018ರಲ್ಲಿ 30 ಅಂಕ, 2022ರಲ್ಲಿ 24 ಅಂಕ ಮುಂದಿದ್ದರು.

ಈ ಎರಡನೆಯ ಅಂಕಿಯೇ ಮುಖ್ಯ ಎಂಬುದು ಥಾಮಸ್ ಬ್ರೆಡಾ ಮತ್ತು ಕ್ಲೋಟಿಲ್ಡ್ ನ್ಯಾಪ್ 2019ರಲ್ಲಿ ಮಂಡಿಸಿದ ವಾದ. ಗಣಿತದಲ್ಲಿ ಸರಿಸಮ ಅಂಕ ಪಡೆದ ಒಬ್ಬ ಹುಡುಗ ಮತ್ತು ಒಬ್ಬ ಹುಡುಗಿಯನ್ನು ತೆಗೆದುಕೊಂಡರೆ, ಭಾಷೆಯಲ್ಲಿ ಹುಡುಗಿಯ ಅಂಕ ಹುಡುಗನಿಗಿಂತ ಹೆಚ್ಚಿರುವ ಸಂಭವವೇ ಜಾಸ್ತಿ. ಹುಡುಗನಿಗೆ ಗಣಿತವೇ ತನ್ನ ಗಟ್ಟಿ ವಿಷಯ. ಹುಡುಗಿಗೆ ಅದು ಗಟ್ಟಿಯಾದ ಎರಡು ವಿಷಯಗಳ ಪೈಕಿ ಎರಡನೆಯದು. ಮನುಷ್ಯರು ತಮ್ಮನ್ನು ಪಕ್ಕದವರ ಜೊತೆ ಹೋಲಿಸಿಕೊಳ್ಳುವುದಕ್ಕಿಂತ ಹೆಚ್ಚಾಗಿ ತಮ್ಮದೇ ಇನ್ನೊಂದು ವಿಷಯದ ಅಂಕದ ಜೊತೆ ಹೋಲಿಸಿಕೊಂಡು ‘ನಾನು ಯಾವುದರವಳು’ ಎಂದು ತೀರ್ಮಾನಿಸುತ್ತಾರಾದ್ದರಿಂದ, ಗಣಿತದಲ್ಲಿ ಜಾಣೆಯಾದವಳೂ ತಾನು ಗಣಿತದವಳಲ್ಲ ಎಂಬ ನಿರ್ಧಾರಕ್ಕೆ ಬರಬಹುದು. ಗಣಿತಾಧಾರಿತ ವಿಷಯಗಳನ್ನು ಓದುವ ಇರಾದೆಯಲ್ಲಿ ಕಾಣುವ ಅಂತರದ ಶೇ. 80ರವರೆಗಿನ ಭಾಗವನ್ನು ಈ ಒಂದು ಲೆಕ್ಕಾಚಾರ ವಿವರಿಸಬಲ್ಲುದು ಎಂಬುದು ಅವರ ಅಂದಾಜು. ಇದರಲ್ಲಿ ನನಗೆ ಮಹತ್ವದ್ದೆನಿಸುವುದು ಶೇಕಡಾವಾರು ಪ್ರಮಾಣಕ್ಕಿಂತ ಇನ್ನೊಂದು ಸಂಗತಿ. ಒಂದು ವಿಷಯ ಹಿಡಿದರೆ ಇನ್ನೊಂದನ್ನು ಬಿಡಲೇಬೇಕು ಎಂದು ಹದಿನೈದು–ಹದಿನಾರರ ವಯಸ್ಸಿನಲ್ಲಿ ಹೇಳುವ ಶಿಕ್ಷಣ ವ್ಯವಸ್ಥೆ, ಎರಡರಲ್ಲೂ ಮುಂದಿರುವವರನ್ನೇ ಗಣಿತದಿಂದ ಹೊರಗೆ ಕಳುಹಿಸುತ್ತದೆ.

ಆಸಕ್ತಿಯ ವಾದವನ್ನೂ ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಸುಮಾರು ಐದು ಲಕ್ಷ ಜನರ ಉತ್ತರಗಳನ್ನು ಒಟ್ಟುಗೂಡಿಸಿ 2009ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದು, ಗಂಡಸರ ಒಲವು ವಸ್ತುಗಳ ಕಡೆಗೂ ಹೆಂಗಸರ ಒಲವು ಜನರ ಕಡೆಗೂ ಹೆಚ್ಚು ಎಂದು ತೋರಿಸಿತು. ಮನಃಶಾಸ್ತ್ರದ ಅಧ್ಯಯನಗಳಲ್ಲಿ ಅಷ್ಟು ದೊಡ್ಡ ಲಿಂಗ ವ್ಯತ್ಯಾಸ ಸಿಗುವುದು ಅಪರೂಪ. ಜೀವವಿಜ್ಞಾನ, ವೈದ್ಯಕೀಯ ಒಂದು ಕಡೆ, ಎಂಜಿನಿಯರಿಂಗ್ ಇನ್ನೊಂದು ಕಡೆ ಏಕೆ ವಾಲಿವೆ ಎಂಬುದಕ್ಕೆ ಇದು ಸಾಕಷ್ಟು ಒಪ್ಪುವಂಥ ಉತ್ತರ. ಆದರೆ ಈ ಪ್ರಶ್ನಾವಳಿಗಳಿಗೆ ಉತ್ತರಿಸಿದವರು ಎಳೆಯ ಕೂಸುಗಳಲ್ಲ, ಆ ಹೊತ್ತಿಗಾಗಲೇ ಹತ್ತಾರು ವರ್ಷ ಈ ಸಮಾಜದಲ್ಲಿ ಬೆಳೆದವರು. ಅದಕ್ಕಿಂತ ಹೆಚ್ಚಾಗಿ, ಆಸಕ್ತಿ ಎಂಬುದು ಬದಲಾಗದೆ ನಿಂತ ವಸ್ತುವಾಗಿದ್ದರೆ ಕಂಪ್ಯೂಟರ್ ವಿಜ್ಞಾನದ ಇತಿಹಾಸ ಈಗಿರುವಂತೆ ಇರುತ್ತಿರಲಿಲ್ಲ.

1940ರ ದಶಕದ ಮಧ್ಯದಲ್ಲಿ ಎನಿಯಾಕ್ ಎಂಬ ಆರಂಭಿಕ ಕಂಪ್ಯೂಟರ್ ಯಂತ್ರಕ್ಕೆ ಪ್ರೋಗ್ರಾಂ ಹಾಕಿದ ಮೊದಲ ತಂಡದ ಆರೂ ಮಂದಿ ಹೆಂಗಸರು. ಆಗ ಯಂತ್ರ ಕಟ್ಟುವುದು ಗಂಡಸಿನ ಕೆಲಸ, ಅದಕ್ಕೆ ಲೆಕ್ಕ ಉಣಿಸುವುದು ಗುಮಾಸ್ತಿಕೆಗೆ ಹತ್ತಿರದ ಕೆಲಸ ಎಂಬ ಭಾವನೆ ಇತ್ತು. ಅಮೆರಿಕದಲ್ಲಿ ಕಂಪ್ಯೂಟರ್ ವಿಜ್ಞಾನದ ಪದವಿ ಪಡೆಯುವವರಲ್ಲಿ ಮಹಿಳೆಯರ ಪಾಲು ಏರುತ್ತಾ ಹೋಗಿ 1980ರ ದಶಕದ ನಡುವೆ ಶೇ. 37ರ ಹತ್ತಿರ ಮುಟ್ಟಿತು. ಅಲ್ಲಿಂದ ಇಳಿಯತೊಡಗಿದ್ದು 2010ರ ಹೊತ್ತಿಗೆ ಶೇ. 18ಕ್ಕೆ ಬಂದು ನಿಂತಿತು. ಇದೇ ವರ್ಷಗಳಲ್ಲಿ ವೈದ್ಯಕೀಯ ಮತ್ತು ಕಾನೂನು ತರಗತಿಗಳಲ್ಲಿ ಮಹಿಳೆಯರ ಸಂಖ್ಯೆ ಏರುತ್ತಲೇ ಇತ್ತು. ಒಂದೇ ತಲೆಮಾರಿನಲ್ಲಿ ಹೆಣ್ಣಿನ ಮೆದುಳು ಬದಲಾಗಲಿಲ್ಲ, ವಿಷಯದ ಚಹರೆ ಬದಲಾಯಿತು. ಮನೆಬಳಕೆಯ ಕಂಪ್ಯೂಟರ್ ಮಾರುಕಟ್ಟೆಗೆ ಬಂದಾಗ ಅದನ್ನು ಬಹುಮಟ್ಟಿಗೆ ಹುಡುಗರ ಆಟಿಕೆಯಂತೆ ಮಾರಲಾಯಿತು. ಮನೆಗೆ ಬಂದ ಯಂತ್ರ ಮಗನ ಕೋಣೆ ಸೇರಿತು. ಕೆಲವೇ ವರ್ಷಗಳಲ್ಲಿ ಕಾಲೇಜಿನ ಮೊದಲ ಪಾಠವು, ವಿದ್ಯಾರ್ಥಿಗಳು ಮನೆಯಲ್ಲೇ ಪ್ರೋಗ್ರಾಂ ಬರೆದು ಕಲಿತು ಬಂದಿರುತ್ತಾರೆ ಎಂಬ ಊಹೆಯ ಮೇಲೆ ನಡೆಯತೊಡಗಿತು. ಏನೂ ಗೊತ್ತಿಲ್ಲದೆ ಬಂದವಳಿಗೆ ಪಕ್ಕದಲ್ಲಿ ಕೂತವನ ಏಳೆಂಟು ವರ್ಷಗಳ ಅಭ್ಯಾಸ ಹುಟ್ಟು ಪ್ರತಿಭೆಯ ಹಾಗೆ ಕಂಡಿತು. ಇತ್ತ ಮಲೇಷ್ಯಾದಲ್ಲಿ ಅದೇ ವಿಷಯವನ್ನು ಓದುವವರಲ್ಲಿ ಸುಮಾರು ಅರ್ಧದಷ್ಟು ಮಹಿಳೆಯರು. ಅಲ್ಲಿ ಕಂಪ್ಯೂಟರ್ ಕೆಲಸವೆಂದರೆ ನೆರಳಿನಲ್ಲಿ, ಕಚೇರಿಯಲ್ಲಿ ಕೂತು ಮಾಡುವ, ಹೆಣ್ಣಿಗೆ ಒಪ್ಪುವ ಸುರಕ್ಷಿತ ಉದ್ಯೋಗ ಎಂಬ ಎಣಿಕೆ. ಅದೂ ಒಂದು ಪಡಿಯಚ್ಚಿನ ಕಲ್ಪನೆಯೇ. ಆದರೆ ಅದರ ಫಲ ಅಮೆರಿಕದಲ್ಲಿ ಕಂಡದ್ದಕ್ಕೆ ತದ್ವಿರುದ್ಧ.

ದೇಶ ದೇಶಗಳ ಹೋಲಿಕೆಯಿಂದಲೇ ಹುಟ್ಟಿದ ಇನ್ನೊಂದು ವಿವಾದವನ್ನು ಇಲ್ಲಿ ಬಿಡಿಸಿ ನೋಡಬೇಕು. 2018ರಲ್ಲಿ ಹೈಸ್‌ಬರ್ಟ್ ಸ್ಟೂಟ್ ಮತ್ತು ಡೇವಿಡ್ ಗಿಯರಿ ಎಂಬ ಮನೋವಿಜ್ಞಾನಿಗಳು, ಲಿಂಗ ಸಮಾನತೆಯ ಸೂಚ್ಯಂಕದಲ್ಲಿ ಮೇಲಿರುವ ಫಿನ್‌ಲೆಂಡ್, ನಾರ್ವೆ, ಸ್ವೀಡನ್‌ಗಳಲ್ಲಿ ಸ್ಟೆಮ್ ಓದುವ ಹೆಣ್ಣುಮಕ್ಕಳ ಪಾಲು ಕಡಿಮೆಯೆಂದೂ, ಆ ಸೂಚ್ಯಂಕದಲ್ಲಿ ಕೆಳಗಿರುವ ಅಲ್ಜೀರಿಯಾ, ಟುನೀಶಿಯಾದಂಥ ದೇಶಗಳಲ್ಲಿ ಹೆಚ್ಚೆಂದೂ ತೋರಿಸಿದರು. ಸ್ವಾತಂತ್ರ್ಯ ಸಿಕ್ಕಾಗ ಹೆಣ್ಣು ತನಗೆ ಸಹಜವಾದದ್ದನ್ನು ಆರಿಸಿಕೊಳ್ಳುತ್ತಾಳೆ ಎಂಬ ತೀರ್ಪು ಕ್ಷಣದಲ್ಲಿ ಎಲ್ಲೆಡೆ ಹರಡಿತು. ಆದರೆ ಸಾರಾ ರಿಚರ್ಡ್‌ಸನ್ ಮತ್ತು ಸಹೋದ್ಯೋಗಿಗಳು ಅದೇ ಅಂಕಿಗಳನ್ನು ಇಟ್ಟುಕೊಂಡು ಲೆಕ್ಕ ಮಾಡಿದಾಗ ಅದೇ ಫಲಿತಾಂಶ ಬರಲಿಲ್ಲ. ಮೂಲ ಲೇಖಕರು ಬಳಸಿದ್ದು ಪದವೀಧರರಲ್ಲಿ ಮಹಿಳೆಯರ ನೇರ ಶೇಕಡಾವಾರು ಪ್ರಮಾಣವನ್ನಲ್ಲ, ತಾವೇ ರೂಪಿಸಿಕೊಂಡ ಒಂದು ಅನುಪಾತವನ್ನು ಎಂಬುದು ಆಗ ಹೊರಬಿತ್ತು. 2019ರ ಕೊನೆಯಲ್ಲಿ ಲೇಖನಕ್ಕೆ ದೀರ್ಘ ತಿದ್ದುಪಡಿ ಪ್ರಕಟವಾಯಿತು. ಅಳತೆಗೋಲನ್ನು ಬದಲಿಸಿದರೆ ಸಂಬಂಧ ದುರ್ಬಲವಾಗುತ್ತದೆ, ಪೂರಾ ಮಾಯವಾಗುವುದಿಲ್ಲ. ಇಂಥದ್ದೊಂದು ವಿನ್ಯಾಸವನ್ನು ಮರಿಯಾ ಚಾರ್ಲ್ಸ್ ಮತ್ತು ಕರೆನ್ ಬ್ರಾಡ್ಲಿ ಎಂಬ ಸಮಾಜಶಾಸ್ತ್ರಜ್ಞೆಯರು 44 ದೇಶಗಳ ಅಂಕಿಗಳಲ್ಲಿ 2009ರಲ್ಲೇ ಗುರುತಿಸಿದ್ದರು.

ಹಾಗಾದರೆ ಅದರ ಅರ್ಥವೇನು? ಎರಡು ಕಾರಣಗಳು ನನಗೆ ಹೆಚ್ಚು ನಂಬುವಂತೆ ಕಾಣುತ್ತವೆ. ಬಡತನ ಹತ್ತಿರವಿರುವ ಕಡೆ ಪದವಿಯೆಂದರೆ ಮೊದಲು ಅನ್ನದ ದಾರಿ, ಆದ್ದರಿಂದ ಹುಡುಗಿಯಾಗಲಿ ಹುಡುಗನಾಗಲಿ ಕೆಲಸ ಕೊಡುವ ವಿಷಯಕ್ಕೆ ಹೋಗುತ್ತಾರೆ. ಯಾವ ವಿಷಯ ಓದಿದರೂ ಬದುಕು ನಡೆಯುವ ಶ್ರೀಮಂತ ಸಮಾಜದಲ್ಲಿ ವಿಷಯದ ಆಯ್ಕೆ ‘ನಾನು ಎಂಥವಳು’ ಎಂಬುದರ ಘೋಷಣೆಯಾಗುತ್ತದೆ, ಮತ್ತು ಆ ಘೋಷಣೆಯೊಳಗೆ ಹೆಣ್ತನ–ಗಂಡಸ್ತನದ ಕಲ್ಪನೆಗಳು ಸಲೀಸಾಗಿ ನುಸುಳುತ್ತವೆ. ಎರಡನೆಯದಾಗಿ, ‘ಗಣಿತ ಹುಡುಗಿಯರದ್ದಲ್ಲ’ ಎಂಬ ಪೂರ್ವಕಲ್ಪನೆ ಸಮಾನತೆಯಿರುವ ಶ್ರೀಮಂತ ದೇಶಗಳಲ್ಲೇ ಹೆಚ್ಚು ಬಲವಾಗಿದೆ ಎಂದು ಬ್ರೆಡಾ ಮತ್ತು ಸಂಗಡಿಗರು 2020ರಲ್ಲಿ ತೋರಿಸಿದರು. ಕಾನೂನು, ಕೂಲಿ, ರಜೆಗಳಲ್ಲಿ ಸಮಾನತೆ ತಂದ ಸಮಾಜ ಮಗುವಿನ ಕಲ್ಪನೆಯಲ್ಲೂ ಅದನ್ನು ತಂದಿದೆ ಎಂದು ಭಾವಿಸಲು ಆಧಾರವಿಲ್ಲ. ಜರ್ಮನಿ ಇದಕ್ಕೆ ಒಳ್ಳೆಯ ಸಾಕ್ಷಿ: ಹೆಂಗಸರು ಪೂರ್ಣಾವಧಿ ದುಡಿಯುವುದು ರೂಢಿಯಾಗಿದ್ದ ಹಳೆಯ ಪೂರ್ವ ಜರ್ಮನಿಯ ಪ್ರದೇಶಗಳಲ್ಲಿ ಹುಡುಗ–ಹುಡುಗಿಯರ ಗಣಿತದ ಅಂತರ ಪಶ್ಚಿಮಕ್ಕಿಂತ ಕಡಿಮೆ ಇದೆ, ಎರಡೂ ಕಡೆಯವರು ಒಂದಾಗಿ ದಶಕಗಳು ಕಳೆದ ಮೇಲೂ.

ಈಗ ತತ್ವಶಾಸ್ತ್ರದ ಒಗಟಿಗೆ ಬರೋಣ. ಲೆಸ್ಲಿ ಮತ್ತು ಸಿಂಪಿಯನ್ ಮೂವತ್ತು ವಿಷಯಗಳ ಅಧ್ಯಾಪಕರನ್ನೂ ಸಂಶೋಧಕರನ್ನೂ ಕೇಳಿದ್ದು ಸರಳ ಪ್ರಶ್ನೆ: ನಿಮ್ಮ ವಿಷಯದಲ್ಲಿ ಮೇಲೆ ಬರಲು ಕಲಿಸಲಾಗದ ಹುಟ್ಟು ಪ್ರತಿಭೆ ಬೇಕೇ, ಅಥವಾ ಪರಿಶ್ರಮ ಸಾಕೇ? ಪ್ರತಿಭೆಯೇ ಬೇಕು ಎಂದು ಯಾವ ವಿಷಯದವರು ಹೆಚ್ಚು ಹೇಳಿದರೋ ಆ ವಿಷಯದಲ್ಲಿ ಹೆಣ್ಣುಮಕ್ಕಳು ಅಷ್ಟು ಕಡಿಮೆ ಇದ್ದರು. ಭೌತಶಾಸ್ತ್ರ, ಗಣಿತ, ತತ್ವಶಾಸ್ತ್ರ ಒಂದು ತುದಿಯಲ್ಲಿ. ಶಿಕ್ಷಣಶಾಸ್ತ್ರ, ಮನಃಶಾಸ್ತ್ರ ಇನ್ನೊಂದು ತುದಿಯಲ್ಲಿ. ಎರಡು ವರ್ಷಗಳ ಬಳಿಕ ಲಿನ್ ಬಿಯಾನ್ ಅವರೊಂದಿಗೆ ನಡೆಸಿದ ಅಧ್ಯಯನದಲ್ಲಿ ಮಕ್ಕಳಿಗೆ ‘ತುಂಬಾ ತುಂಬಾ ಬುದ್ಧಿವಂತರೊಬ್ಬರ’ ಕಥೆ ಹೇಳಿ, ಆ ವ್ಯಕ್ತಿ ಯಾರಿರಬಹುದು ಎಂದು ಚಿತ್ರಗಳಲ್ಲಿ ಗುರುತಿಸಲು ಹೇಳಲಾಯಿತು. ಐದರ ಹರೆಯದ ಹುಡುಗಿಯರು ಹೆಣ್ಣಿನ ಚಿತ್ರವನ್ನೂ ಹುಡುಗರು ಗಂಡಿನ ಚಿತ್ರವನ್ನೂ ಸಮಾನ ಉತ್ಸಾಹದಿಂದ ತೋರಿಸಿದರು. ಆರು–ಏಳು ವರ್ಷದ ಹುಡುಗಿಯರಲ್ಲಿ ಆ ಉತ್ಸಾಹ ಇಳಿದಿತ್ತು. ಅದೇ ವಯಸ್ಸಿನಲ್ಲಿ ‘ತುಂಬಾ ಬುದ್ಧಿವಂತ ಮಕ್ಕಳಿಗಾಗಿ’ ಎಂದು ಹೇಳಿದ ಆಟದತ್ತ ಅವರ ಒಲವೂ ಕಡಿಮೆಯಾಯಿತು. ‘ತುಂಬಾ ಪ್ರಯತ್ನ ಪಡುವ ಮಕ್ಕಳಿಗಾಗಿ’ ಎಂದ ಆಟದಲ್ಲಿ ಹಾಗಾಗಲಿಲ್ಲ. ಆಗ ಶಾಲೆಯಲ್ಲಿ ಹೆಚ್ಚು ಅಂಕ ತೆಗೆಯುವವರು ಯಾರು ಎಂದು ಕೇಳಿದರೆ ಅದೇ ಹುಡುಗಿಯರು ಹುಡುಗಿಯರನ್ನೇ ತೋರಿಸುತ್ತಿದ್ದರು ಎಂಬುದನ್ನೂ ಜೊತೆಗಿಟ್ಟು ನೋಡಬೇಕು. ಅಂಕ ಒಂದು, ಜಾಣತನ ಇನ್ನೊಂದು ಎಂಬ ವಿಭಜನೆ ಆ ವಯಸ್ಸಿಗಾಗಲೇ ಆಗಿಹೋಗಿರುತ್ತದೆ.

ಈ ಭಾವನೆ ಹದಿನೆಂಟರ ವಯಸ್ಸಿನಲ್ಲಿ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಅರ್ಥಶಾಸ್ತ್ರದ ತರಗತಿಯಲ್ಲಿ ಹತ್ತಿರದಿಂದ ನೋಡಬಹುದು. ಅಮೆರಿಕದಲ್ಲಿ ಅರ್ಥಶಾಸ್ತ್ರವನ್ನು ಮುಖ್ಯ ವಿಷಯವಾಗಿ ಓದುವವರಲ್ಲಿ ಹುಡುಗಿಯರು ಹುಡುಗರಿಗಿಂತ ಬಹಳ ಕಡಿಮೆ. 2023ರಲ್ಲಿ ನೊಬೆಲ್ ಪಡೆದ ಕ್ಲಾಡಿಯಾ ಗೋಲ್ಡಿನ್ ಇದರ ಜಾಡು ಹಿಡಿದು ಹೊರಟಾಗ ಕಂಡದ್ದು ಮೊದಲ ಕೋರ್ಸಿನ ಗ್ರೇಡು. ‘ಎ’ ಬಂದ ಹುಡುಗಿಯರು ಹುಡುಗರಂತೆಯೇ ಮುಂದುವರಿಯುತ್ತಾರೆ. ‘ಬಿ’ ಬಂದವರಲ್ಲಿ ಹುಡುಗಿಯರು ವಿಷಯವನ್ನು ಬಿಡುತ್ತಾರೆ, ಹುಡುಗರು ಅದೇ ‘ಬಿ’ಯನ್ನು ಜೇಬಿಗಿಳಿಸಿಕೊಂಡು ಮುಂದಿನ ಕೋರ್ಸಿಗೆ ಹೆಸರು ಬರೆಸುತ್ತಾರೆ. ಒಂದೇ ಗ್ರೇಡು ಒಬ್ಬರಿಗೆ ‘ಪರವಾಗಿಲ್ಲ’ ಎಂದೂ ಇನ್ನೊಬ್ಬರಿಗೆ ‘ಇದು ನಿನ್ನದಲ್ಲ’ ಎಂದೂ ಕೇಳಿಸುತ್ತದೆ. ಗಣಿತ–ಭೌತಶಾಸ್ತ್ರ ವಿಭಾಗಗಳು ಮೊದಲ ವರ್ಷದಲ್ಲಿ ಬಿಗಿಯಾಗಿ ಅಂಕ ಕೊಟ್ಟು, ಮಾನವಿಕ ವಿಭಾಗಗಳು ಧಾರಾಳವಾಗಿ ಕೊಡುವ ಕಡೆಗಳಲ್ಲಿ ಈ ಸಂದೇಶದ ದನಿ ಇನ್ನಷ್ಟು ಜೋರಾಗುತ್ತದೆ. ಇಲ್ಲಿ ಹುಡುಗಿಯರ ಆತ್ಮವಿಶ್ವಾಸ ಕಡಿಮೆ ಎಂದು ಮರುಗುವವರು, ‘ಬಿ’ ಪಡೆದ ಹುಡುಗರ ಆತ್ಮವಿಶ್ವಾಸ ಅಗತ್ಯಕ್ಕಿಂತ ಹೆಚ್ಚಿರಬಹುದೇ ಎಂದೂ ಒಮ್ಮೆ ಕೇಳಿಕೊಂಡರೆ ಒಳ್ಳೆಯದು.

ಕೋಣೆಯ ಗೋಡೆಗಳಿಗೂ ಮಾತು ಬರುತ್ತದೆ ಎಂಬುದನ್ನು ತೋರಿಸಿದ್ದು ಸಪ್ನಾ ಚೆರಿಯನ್ ಮತ್ತು ಸಂಗಡಿಗರ 2009ರ ಪ್ರಯೋಗ. ಕಂಪ್ಯೂಟರ್ ವಿಜ್ಞಾನ ವಿಭಾಗದ ಒಂದೇ ಕೋಣೆಯನ್ನು ಅವರು ಎರಡು ಬಗೆಯಲ್ಲಿ ಸಜ್ಜುಗೊಳಿಸಿದರು: ಒಮ್ಮೆ ಸ್ಟಾರ್ ಟ್ರೆಕ್ ಎಂಬ ವೈಜ್ಞಾನಿಕ ಕಲ್ಪನೆಯ ಸರಣಿಯ ಪೋಸ್ಟರ್ ಮತ್ತು ವಿಡಿಯೊ ಗೇಮ್‌ಗಳು, ಇನ್ನೊಮ್ಮೆ ನಿಸರ್ಗ ದೃಶ್ಯದ ಪೋಸ್ಟರ್ ಮತ್ತು ನೀರಿನ ಬಾಟಲಿಗಳಂಥ ಸಾಮಾನ್ಯ ವಸ್ತುಗಳು. ಬೇರೆ ವಿಷಯ ಓದುತ್ತಿದ್ದ ವಿದ್ಯಾರ್ಥಿಗಳನ್ನು ಅಲ್ಲಿ ಕೆಲಹೊತ್ತು ಕೂರಿಸಿ, ಕಂಪ್ಯೂಟರ್ ವಿಜ್ಞಾನದಲ್ಲಿ ಎಷ್ಟು ಆಸಕ್ತಿ ಎಂದು ವಿಚಾರಿಸಲಾಯಿತು. ಮೊದಲ ಬಗೆಯ ಕೋಣೆಯಲ್ಲಿ ಕೂತ ಹುಡುಗಿಯರ ಆಸಕ್ತಿ ಹುಡುಗರಿಗಿಂತ ಬಹಳ ಕೆಳಗಿತ್ತು. ಎರಡನೆಯದರಲ್ಲಿ ಆ ಅಂತರವೇ ಕಾಣಲಿಲ್ಲ. ಅಲ್ಲಿ ಯಾರೂ ಯಾರನ್ನೂ ಬೇಡ ಎಂದಿರಲಿಲ್ಲ. ಈ ಬಗೆಯ ಪುಟ್ಟ ಪ್ರಯೋಗಗಳ ಮೇಲೆ ಇಡೀ ನೀತಿ ಕಟ್ಟಬಾರದು ಎಂಬ ಎಚ್ಚರವೂ ಬೇಕು. ‘ಹುಡುಗಿಯರು ಗಣಿತದಲ್ಲಿ ಹಿಂದೆ’ ಎಂಬ ಮಾತನ್ನು ನೆನಪಿಸಿದರೆ ಸಾಕು ಅವರ ಅಂಕ ಇಳಿಯುತ್ತದೆ ಎಂಬ ಪ್ರಸಿದ್ಧ ಸಿದ್ಧಾಂತವನ್ನು ನೆದರ್‌ಲೆಂಡ್ಸ್‌ನಲ್ಲಿ ಎರಡು ಸಾವಿರಕ್ಕೂ ಹೆಚ್ಚು ಶಾಲಾ ಮಕ್ಕಳ ಮೇಲೆ ಮತ್ತೆ ಪರೀಕ್ಷಿಸಿದಾಗ, 2018ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಅಂಥ ಪರಿಣಾಮವೇನೂ ಸಿಗಲಿಲ್ಲ.

ಕಲಿಸುವವರ ಪ್ರಭಾವದ ಬಗ್ಗೆ ಸಾಕ್ಷ್ಯ ಇದಕ್ಕಿಂತ ಗಟ್ಟಿಯಾಗಿದೆ. ಅಮೆರಿಕದ ವಾಯುಪಡೆ ಅಕಾಡೆಮಿಯಲ್ಲಿ ಎಲ್ಲರಿಗೂ ಕಡ್ಡಾಯವಾದ ಗಣಿತ–ವಿಜ್ಞಾನ ಕೋರ್ಸುಗಳಿಗೆ ಅಧ್ಯಾಪಕರನ್ನು ವಿದ್ಯಾರ್ಥಿಗಳು ಆರಿಸಿಕೊಳ್ಳುವಂತಿಲ್ಲ, ಚೀಟಿ ಎತ್ತಿದಂತೆ ಹಂಚಲಾಗುತ್ತದೆ. ಆದ್ದರಿಂದ ಅಲ್ಲಿನ ಫಲಿತಾಂಶವನ್ನು ನಂಬಬಹುದು. ಗಣಿತದಲ್ಲಿ ಬಹಳ ಮುಂದಿದ್ದ ಹುಡುಗಿಯರಿಗೆ ಮಹಿಳಾ ಅಧ್ಯಾಪಕರು ಸಿಕ್ಕಾಗ, ಅಂಕಗಳಲ್ಲೂ ಮುಂದೆ ಸ್ಟೆಮ್ ಪದವಿ ಪಡೆಯುವ ಸಂಭವದಲ್ಲೂ ಹುಡುಗರೊಂದಿಗಿನ ಅಂತರ ಬಹುತೇಕ ಅಳಿಸಿಹೋಯಿತು ಎಂದು 2010ರಲ್ಲಿ ಸ್ಕಾಟ್ ಕ್ಯಾರೆಲ್ ಮತ್ತಿಬ್ಬರು ವರದಿ ಮಾಡಿದರು. ಹುಡುಗರಿಗೆ ಯಾರು ಕಲಿಸಿದರೂ ಹೆಚ್ಚಿನ ವ್ಯತ್ಯಾಸವಾಗಲಿಲ್ಲ. ಶಾಲೆಯ ಮಟ್ಟದಲ್ಲಿ ಇಸ್ರೇಲಿನ ಅಧ್ಯಯನವೊಂದು, ಹೆಸರು ಕಾಣದ ಪರೀಕ್ಷೆಯ ಅಂಕವನ್ನೂ ತರಗತಿಯ ಶಿಕ್ಷಕರೇ ಕೊಟ್ಟ ಅಂಕವನ್ನೂ ಪಕ್ಕಪಕ್ಕ ಇಟ್ಟು ನೋಡಿತು. ಪ್ರಾಥಮಿಕ ಶಾಲೆಯಲ್ಲಿ ಗಣಿತಕ್ಕೆ ಹುಡುಗರ ಪರ ವಾಲುವ ಶಿಕ್ಷಕರು ಸಿಕ್ಕ ಹುಡುಗಿಯರು, ವರ್ಷಗಳ ನಂತರ ಪ್ರೌಢಶಾಲೆಯಲ್ಲಿ ಉನ್ನತ ಗಣಿತದ ಕೋರ್ಸನ್ನು ಆರಿಸಿಕೊಳ್ಳುವುದು ಕಡಿಮೆಯಾಗಿತ್ತು. ಅವಕಾಶದ ಬಾಗಿಲು ಮುಚ್ಚಿದ್ದು ವಿಶ್ವವಿದ್ಯಾಲಯವಲ್ಲ, ಆರನೇ ತರಗತಿಯ ಕೆಂಪು ಶಾಯಿ.

ನೇರವಾಗಿ ಬಾಗಿಲು ಮುಚ್ಚಿದ ಉದಾಹರಣೆಗಳೂ ಇಲ್ಲದಿಲ್ಲ. 2012ರಲ್ಲಿ ಇರಾನಿನ 36 ವಿಶ್ವವಿದ್ಯಾಲಯಗಳು 77 ಕೋರ್ಸುಗಳನ್ನು ಮಹಿಳೆಯರಿಗೆ ನಿರ್ಬಂಧಿಸಿದವು. ಟೋಕಿಯೊ ವೈದ್ಯಕೀಯ ವಿಶ್ವವಿದ್ಯಾಲಯ ಪ್ರವೇಶ ಪರೀಕ್ಷೆಯಲ್ಲಿ ಹುಡುಗಿಯರ ಅಂಕಗಳನ್ನು ವರ್ಷಗಟ್ಟಲೆ ಕಡಿತ ಮಾಡುತ್ತ ಬಂದದ್ದು 2018ರಲ್ಲಿ ಬಯಲಾಯಿತು. ಆ ಹಗರಣದ ಬಳಿಕ, 2021ರಲ್ಲಿ, ಜಪಾನಿನ ವೈದ್ಯಕೀಯ ಪ್ರವೇಶ ಪರೀಕ್ಷೆಗಳಲ್ಲಿ ಮಹಿಳೆಯರ ಉತ್ತೀರ್ಣ ಪ್ರಮಾಣ ಮೊದಲ ಬಾರಿ ಪುರುಷರದ್ದನ್ನು ಮೀರಿತು.

ಇಷ್ಟೆಲ್ಲ ಹೇಳಿದ ಮೇಲೂ ಅಂಕಿಯೊಳಗೊಂದು ಬಲೆ ಉಳಿದಿದೆ, ಮತ್ತು ಅದನ್ನು ಗಮನಿಸುವವರು ಕಡಿಮೆ. ಡೇವಿಡ್ ಕಾರ್ಡ್ ಮತ್ತು ಅಬಿಗೈಲ್ ಪೇನ್ ಕೆನಡಾದ ಒಂಟಾರಿಯೊ ಪ್ರಾಂತ್ಯದ ಪ್ರೌಢಶಾಲೆ ಹಾಗೂ ವಿಶ್ವವಿದ್ಯಾಲಯದ ದಾಖಲೆಗಳನ್ನು ಜೋಡಿಸಿ ನೋಡಿದಾಗ, ಶಾಲೆ ಮುಗಿಸುವ ಹೊತ್ತಿಗೆ ಸ್ಟೆಮ್ ಓದಲು ಬೇಕಾದ ಕೋರ್ಸುಗಳನ್ನು ಪೂರೈಸಿದ ಹುಡುಗ–ಹುಡುಗಿಯರ ನಡುವೆ ಅಂತರ ಅಲ್ಪವೇ ಇತ್ತು. ವಿಶ್ವವಿದ್ಯಾಲಯದಲ್ಲಿ ಕಾಣುವ ಅಂತರದ ದೊಡ್ಡ ಭಾಗ ಬೇರೊಂದು ಕಡೆಯಿಂದ ಬಂದಿತ್ತು: ಸಾಹಿತ್ಯ, ಸಮಾಜ ವಿಜ್ಞಾನಗಳತ್ತ ಹೋಗಬಹುದಾಗಿದ್ದ ಹುಡುಗರು ವಿಶ್ವವಿದ್ಯಾಲಯಕ್ಕೇ ಬರುತ್ತಿರಲಿಲ್ಲ. ಅಂಥ ಹುಡುಗಿಯರು ಬರುತ್ತಿದ್ದರು. ಹಾಗಾಗಿ ಒಳಗಿರುವ ಹುಡುಗರಲ್ಲಿ ಸ್ಟೆಮ್‌ನವರ ಪ್ರಮಾಣ ತಾನಾಗಿಯೇ ದೊಡ್ಡದಾಗಿ ಕಾಣುತ್ತಿತ್ತು. ಎಂದರೆ, ಹುಡುಗಿಯರ ಸಮಸ್ಯೆ ಎಂದು ನಾವು ಓದುತ್ತಿರುವ ಅಂಕಿಯಲ್ಲಿ ಹುಡುಗರ ಸಮಸ್ಯೆಯೂ ಅಡಗಿ ಕೂತಿರುತ್ತದೆ.

ಅಂತರ ಕಡಿಮೆ ಮಾಡಿದ ಸಂಸ್ಥೆಗಳು ಏನು ಮಾಡಿದವು ಎಂದು ನೋಡಿದರೆ, ಹುಡುಗಿಯರಿಗೆ ಉಪದೇಶ ಮಾಡಿದ್ದಕ್ಕಿಂತ ತಮ್ಮನ್ನು ತಾವು ತಿದ್ದಿಕೊಂಡದ್ದೇ ಹೆಚ್ಚು. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಕಂಪ್ಯೂಟರ್ ವಿಜ್ಞಾನಕ್ಕೆ ಸೇರುವವರಲ್ಲಿ 1995ರಲ್ಲಿ ಶೇ. 7ರಷ್ಟಿದ್ದ ಮಹಿಳೆಯರು 2000ದಲ್ಲಿ ಶೇ. 42 ಆದರು. ಜೇನ್ ಮಾರ್ಗೋಲಿಸ್ ಮತ್ತು ಅಲನ್ ಫಿಶರ್ ಅಲ್ಲಿನ ವಿದ್ಯಾರ್ಥಿಗಳನ್ನು ವರ್ಷಗಟ್ಟಲೆ ಸಂದರ್ಶಿಸಿ, ಮೊದಲೇ ಪ್ರೋಗ್ರಾಮಿಂಗ್ ಬರುತ್ತಿದ್ದುದಕ್ಕೂ ಕೊನೆಯಲ್ಲಿ ಚೆನ್ನಾಗಿ ಪಾಸಾಗುವುದಕ್ಕೂ ಅಂಥ ನಂಟಿಲ್ಲ ಎಂದು ಕಂಡುಕೊಂಡಿದ್ದರು. ಪ್ರವೇಶದಲ್ಲಿ ಆ ಅನುಭವಕ್ಕೆ ಕೊಡುತ್ತಿದ್ದ ತೂಕವನ್ನು ಸಂಸ್ಥೆ ಕೈಬಿಟ್ಟಿತು. ಹಾರ್ವಿ ಮಡ್ ಕಾಲೇಜಿನಲ್ಲಿ 2006ರಲ್ಲಿ ಮರಿಯಾ ಕ್ಲಾವೆ ಅಧ್ಯಕ್ಷೆಯಾದ ಹೊತ್ತಿಗೆ ಅಧ್ಯಾಪಕರು ಕಂಪ್ಯೂಟರ್ ವಿಜ್ಞಾನದ ಮೊದಲ ಕೋರ್ಸನ್ನೇ ಹೊಸದಾಗಿ ಕಟ್ಟಿದರು. ಪ್ರೋಗ್ರಾಂ ಬರೆಯುವ ಭಾಷೆಯಾಗಿ ಜಾವಾ ಹೋಗಿ ಪೈಥಾನ್ ಬಂತು. ಮೊದಲೇ ಕಲಿತು ಬಂದವರನ್ನೂ ಹೊಸಬರನ್ನೂ ಬೇರೆ ಬೇರೆ ಗುಂಪಿನಲ್ಲಿ ಕೂರಿಸಿದ್ದರಿಂದ, ಎಲ್ಲ ಪ್ರಶ್ನೆಗೂ ಕೈಯೆತ್ತಿ ಉಳಿದವರನ್ನು ಕುಗ್ಗಿಸುವ ಇಬ್ಬರು ಮೂವರ ಅಬ್ಬರ ತಗ್ಗಿತು. ಶೇ. 10ರ ಸುತ್ತ ಇದ್ದ ಮಹಿಳೆಯರ ಪಾಲು ಐದಾರು ವರ್ಷಗಳಲ್ಲಿ ಶೇ. 40ರ ಹತ್ತಿರ ಬಂತು. ಇವೆರಡೂ ಪ್ರತಿಷ್ಠಿತ, ಆಯ್ದ ವಿದ್ಯಾರ್ಥಿಗಳಿರುವ ಸಂಸ್ಥೆಗಳು ಎಂಬ ಆಕ್ಷೇಪ ಸರಿಯಾದದ್ದೇ. ಆದರೆ ಅದೇ ಆಯ್ದ ಹುಡುಗಿಯರು ಮೊದಲು ಏಕೆ ಬರುತ್ತಿರಲಿಲ್ಲ ಎಂಬ ಪ್ರಶ್ನೆಗೆ ಆ ಆಕ್ಷೇಪದಲ್ಲಿ ಉತ್ತರವಿಲ್ಲ.

ಇದಕ್ಕಿಂತ ಅಗ್ಗದ ಉಪಾಯವೂ ಇದೆ. ಡಲ್ಲಾಸ್‌ನ ಸದರ್ನ್ ಮೆಥಡಿಸ್ಟ್ ವಿಶ್ವವಿದ್ಯಾಲಯದಲ್ಲಿ ಕ್ಯಾಥರಿನ್ ಪೋರ್ಟರ್ ಮತ್ತು ಡ್ಯಾನಿಲಾ ಸೆರ್ರಾ, ಅರ್ಥಶಾಸ್ತ್ರದ ಕೆಲವು ಆರಂಭಿಕ ತರಗತಿಗಳಿಗೆ ಅದೇ ವಿಷಯ ಓದಿ ಕೆಲಸದಲ್ಲಿದ್ದ ಇಬ್ಬರು ಹಳೆಯ ವಿದ್ಯಾರ್ಥಿನಿಯರನ್ನು ಕರೆಸಿ ಕೆಲವೇ ನಿಮಿಷ ಮಾತನಾಡಿಸಿದರು. ಆ ತರಗತಿಗಳ ಹುಡುಗಿಯರು ಅರ್ಥಶಾಸ್ತ್ರವನ್ನು ಮುಖ್ಯ ವಿಷಯವಾಗಿ ಆರಿಸಿಕೊಳ್ಳುವ ಪ್ರಮಾಣ ಸುಮಾರು ದುಪ್ಪಟ್ಟಾಯಿತು. ಮತ್ತೊಂದು ದಾರಿ ಸೀಟುಗಳದ್ದು. ಭಾರತದ ಐಐಟಿಗಳು 2018ರಿಂದ ಹುಡುಗಿಯರಿಗಾಗಿ ಹೆಚ್ಚುವರಿ ಸೀಟುಗಳನ್ನು ಸೃಷ್ಟಿಸಿದವು. ಇದ್ದ ಸೀಟುಗಳಿಗೆ ಕೈಹಾಕದೆ, ಮೊದಲು ಶೇ. 10ಕ್ಕಿಂತ ಕಡಿಮೆಯಿದ್ದ ಅವರ ಪಾಲನ್ನು ಶೇ. 14, ಆಮೇಲೆ 17, ಆಮೇಲೆ 20ಕ್ಕೆ ಏರಿಸುವುದು ಗುರಿಯಾಗಿತ್ತು. ಟೋಕಿಯೊ ತಂತ್ರಜ್ಞಾನ ಸಂಸ್ಥೆಯೂ 2024ರ ಪ್ರವೇಶದಿಂದ ಹುಡುಗಿಯರಿಗೆ ಪ್ರತ್ಯೇಕ ಸೀಟುಗಳನ್ನು ಇಟ್ಟಿತು. ಹೆಚ್ಚು ಹುಡುಗಿಯರನ್ನು ಒಟ್ಟಿಗೆ ಕೂರಿಸಿದರೆ ಉಳಿದದ್ದೆಲ್ಲ ತಾನಾಗಿ ಆಗುತ್ತದೆ ಎಂಬ ಭರವಸೆ ಮಾತ್ರ ದುಡುಕಿನದು: ನೆದರ್‌ಲೆಂಡ್ಸ್‌ನ ವಾಣಿಜ್ಯ ಶಿಕ್ಷಣ ಸಂಸ್ಥೆಯೊಂದರಲ್ಲಿ ವಿದ್ಯಾರ್ಥಿಗಳನ್ನು ಯಾದೃಚ್ಛಿಕವಾಗಿ ಗುಂಪುಗಳಿಗೆ ಹಂಚಿದಾಗ, ಹೆಚ್ಚು ಹುಡುಗಿಯರಿದ್ದ ಗುಂಪಿನ ಹುಡುಗಿಯರೇ ಗಂಡಸರು ತುಂಬಿದ ವಿಷಯಗಳನ್ನು ಕಡಿಮೆ ಆರಿಸಿಕೊಂಡರು.

ಇನ್ನು ಹುಡುಗರು. ವಿಶ್ವ ಆರೋಗ್ಯ ಸಂಸ್ಥೆಯ 2020ರ ವರದಿಯಂತೆ ಜಗತ್ತಿನ ನರ್ಸ್‌ಗಳಲ್ಲಿ ಹತ್ತಕ್ಕೆ ಒಂಬತ್ತು ಮಂದಿ ಹೆಂಗಸರು. ಪ್ರಾಥಮಿಕ ಶಿಕ್ಷಣ, ಮನಃಶಾಸ್ತ್ರ, ಸಮಾಜ ಕಾರ್ಯದ ತರಗತಿಗಳಲ್ಲಿ ಹುಡುಗರು ಅಲ್ಲೊಬ್ಬ ಇಲ್ಲೊಬ್ಬ. ಎಂಜಿನಿಯರಿಂಗ್‌ಗೆ ಹುಡುಗಿಯರನ್ನು ತರಲು ಇರುವ ಯೋಜನೆ, ವಿದ್ಯಾರ್ಥಿವೇತನ, ಶಿಬಿರಗಳಿಗೆ ಹೋಲಿಸಿದರೆ ಈ ಕಡೆಯ ಪ್ರಯತ್ನ ತೀರಾ ತೆಳು. ಸಮಾನತೆಯ ಮಾತು ಒಂದೇ ದಿಕ್ಕಿಗೆ ಹರಿಯುವುದರ ಒಳಗೆ, ಗಂಡಸಿನ ವಿಷಯವೇ ಮೇಲು, ಅಲ್ಲಿಗೆ ಏರಬೇಕಾದವಳು ಹೆಣ್ಣು ಎಂಬ ಹಳೆಯ ತೂಕವೇ ಕುಳಿತಿದೆ. ಮಾರುಕಟ್ಟೆಯೂ ಅದೇ ತೂಕವನ್ನು ಒಪ್ಪುತ್ತದೆ: 1950ರಿಂದ 2000ದವರೆಗಿನ ಅಮೆರಿಕದ ಜನಗಣತಿ ದತ್ತಾಂಶವನ್ನು ಪರಿಶೀಲಿಸಿದ ಸಮಾಜಶಾಸ್ತ್ರಜ್ಞರು, ಒಂದು ವೃತ್ತಿಗೆ ಹೆಂಗಸರು ಹೆಚ್ಚಾಗಿ ಬರತೊಡಗಿದ ಮೇಲೆ, ಶಿಕ್ಷಣ ಕೌಶಲಗಳ ವ್ಯತ್ಯಾಸವನ್ನು ಲೆಕ್ಕಕ್ಕೆ ತೆಗೆದುಕೊಂಡರೂ, ಆ ವೃತ್ತಿಯ ಸಂಬಳ ಇಳಿಮುಖವಾಗುತ್ತದೆ ಎಂದು ಕಂಡರು. ನರ್ಸಿಂಗ್ ಬೇಡ ಎನ್ನುವ ಹುಡುಗ ಬರೀ ಗೆಳೆಯರ ಗೇಲಿಗೆ ಹೆದರುತ್ತಿಲ್ಲ, ಸಂಬಳದ ಚೀಟಿಯನ್ನೂ ಓದುತ್ತಿದ್ದಾನೆ. ನಾರ್ವೆಯಲ್ಲಿ ಎಂಜಿನಿಯರಿಂಗ್‌ನ ಕೆಲವು ಕೋರ್ಸುಗಳಿಗೆ ಅರ್ಜಿ ಹಾಕುವ ಹುಡುಗಿಯರಿಗೆ ಹೆಚ್ಚುವರಿ ಅಂಕ ಕೊಡುವಂತೆ, ಹೆಂಗಸರೇ ತುಂಬಿರುವ ಪಶುವೈದ್ಯಕೀಯದಂಥ ಕೋರ್ಸಿಗೆ ಬರುವ ಹುಡುಗರಿಗೂ ಕೊಟ್ಟಿದ್ದಾರೆ. ಪ್ರವೇಶದ ಅಂಕಪಟ್ಟಿಯಲ್ಲಿ ಒಂದೆರಡು ಅಂಕ ಸೇರಿಸುವುದು ವಿಶ್ವವಿದ್ಯಾಲಯದ ಕೈಯಲ್ಲಿದೆ. ನರ್ಸಿನ, ಪ್ರಾಥಮಿಕ ಶಾಲೆಯ ಶಿಕ್ಷಕರ ಸಂಬಳವನ್ನು ಎಂಜಿನಿಯರಿನ ಸಂಬಳದ ಹತ್ತಿರಕ್ಕೆ ತರುವುದು ಅದರ ಕೈಯಲ್ಲಿಲ್ಲ, ಸರ್ಕಾರದ ಬಜೆಟ್ಟಿನಲ್ಲಿದೆ.